ಗುಡಿಯಲ್ಲಿ ದೇವರು, ಸಂತೆಯಲ್ಲಿ ಬಣ್ಣ

ಪಶ್ಚಿಮ ಆಫ್ರಿಕದ ಬೆನಿನ್ ದೇಶದ ಕರಾವಳಿಯಲ್ಲಿ ವಿದಾ ಎಂಬ ಊರಿದೆ. ದೇಶದ ದೊಡ್ಡ ನಗರ ಕೊಟೊನುವಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರ. ಕೆಂಪು ಮಣ್ಣಿನ ಬೀದಿಗಳು, ತೆಂಗಿನ ಮರಗಳು, ಮೈಗಂಟುವ ಸೆಕೆ, ಕೂಗಳತೆಗಿಂತ ತುಸು ಆಚೆಗೆ ಸಮುದ್ರ. ಉಡುಪಿ, ಕುಂದಾಪುರದ ಕಡೆಯವರನ್ನು ಕಣ್ಣು ಕಟ್ಟಿ ಅಲ್ಲಿ ಕೊಂಡೊಯ್ದು ಬಿಟ್ಟರೆ, ಇದು ಪರದೇಶ ಎಂದು ಗೊತ್ತಾಗಲು ಒಂದಿಷ್ಟು ಹೊತ್ತು ಬೇಕಾದೀತು.

ಊರಿನ ನಡುವೆ ಒಂದು ಬಯಲು. ಬಯಲಿನ ಒಂದು ಬದಿಗೆ ಕ್ಯಾಥೊಲಿಕರ ದೊಡ್ಡ ಬೆಸಿಲಿಕಾ. 2011ರ ನವೆಂಬರಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಬಂದು ಹೋದ ಇಗರ್ಜಿ ಅದು. ಅದಕ್ಕೆ ಎದುರಾಗಿ, ಸಣ್ಣ ಗೋಡೆಯ ಆವರಣದೊಳಗೆ, ಹೆಬ್ಬಾವುಗಳ ಗುಡಿ. ಗುಡಿ ಎಂದರೆ ಗೋಪುರ, ಗಂಟೆ, ಗರುಡಗಂಬ ಏನೂ ಇಲ್ಲ. ಒಂದು ಹಳೆಯ ಮರ, ಕೆಲವು ಸಣ್ಣ ಕಟ್ಟಡಗಳು, ಅವುಗಳಲ್ಲಿ ಒಂದು ದುಂಡನೆಯ ಕೋಣೆ. ಕೋಣೆಯ ನೆಲದ ಮೇಲೆ, ಗೋಡೆಯ ಮೂಲೆಗಳಲ್ಲಿ, ಒಂದರ ಮೇಲೊಂದು ಮಲಗಿದ ಹತ್ತಾರು ಹೆಬ್ಬಾವುಗಳು. ಎಲ್ಲವೂ ಕಪ್ಪು, ಕಂದು ಬಣ್ಣದವು. ಕಪ್ಪಿನ ನಡುವೆ ಒಣಗಿದ ಎಲೆಯಂಥ ಕಂದು ಮಚ್ಚೆಗಳು. ಮೂರರಿಂದ ಐದು ಅಡಿ ಉದ್ದ, ಅಷ್ಟೆ. ಹೆಬ್ಬಾವು ಎಂದ ಕೂಡಲೇ ಕುರಿ ನುಂಗುವ ಭಾರಿ ಪ್ರಾಣಿಯನ್ನು ನೆನೆಯುವವರಿಗೆ ಇವುಗಳನ್ನು ಕಂಡರೆ ಕೊಂಚ ನಿರಾಸೆಯೇ!

ಬಂದ ಪ್ರವಾಸಿಗರ ಕೊರಳಿಗೆ ಅರ್ಚಕರು ಹಾವನ್ನು ಹಾರದಂತೆ ಹಾಕುತ್ತಾರೆ. ಫೋಟೊ ತೆಗೆಯುತ್ತಾರೆ. ಹಾವು ಕಚ್ಚುವುದಿಲ್ಲ, ಬುಸುಗುಟ್ಟುವುದಿಲ್ಲ. ಇದಕ್ಕೆ ವಿಷವೂ ಇಲ್ಲ. ಆಗಾಗ ರಾತ್ರಿ ಹೊತ್ತು ಗುಡಿಯ ಹಾವುಗಳನ್ನು ಹೊರಗೆ ಬಿಡುವ ರೂಢಿ ಉಂಟು. ಅವು ಊರಲ್ಲಿ ಇಲಿ ಹುಡುಕಿಕೊಂಡು ಅಲೆಯುತ್ತವೆ. ಯಾರ ಮನೆಯೊಳಗಾದರೂ ಹಾವು ಬಂದರೆ ಮನೆಯವರು ಕೋಲು ಹಿಡಿಯುವುದಿಲ್ಲ. ಮೆಲ್ಲಗೆ ಎತ್ತಿಕೊಂಡು ಗುಡಿಗೆ ತಂದು ಒಪ್ಪಿಸುತ್ತಾರೆ. ಸತ್ತ ಹಾವು ಕಂಡರೆ ಅದಕ್ಕೆ ಮಣ್ಣು ಕೊಡುವ ಕ್ರಮವೂ ಇದೆ.

ಈ ದೇವರ ಹೆಸರು ದಾಂಗ್ಬೆ. ವೊಡುನ್ ಎಂಬ ಆ ನಾಡಿನ ಮೂಲ ಧರ್ಮದಲ್ಲಿ ದಾಂಗ್ಬೆ ಸರ್ಪರೂಪಿ. ಶತ್ರುಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ ಇಲ್ಲಿನ ಅರಸನೊಬ್ಬನನ್ನು ಹೆಬ್ಬಾವುಗಳು ಕಾಪಾಡಿದವು, ಆ ಋಣಕ್ಕೆ ಅವನು ಗುಡಿ ಕಟ್ಟಿಸಿದ ಎಂಬುದು ಸ್ಥಳಪುರಾಣ. ನಾಗಬನಕ್ಕೆ ಕೊಡಲಿ ಹಾಕದ ತುಳುನಾಡಿನವರಿಗೆ, ಕುಕ್ಕೆಗೆ ಹರಕೆ ಹೊರುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಂದಿಗಳಿಗೆ ಬಂದ ಆಪತ್ತು

ಮುನ್ನೂರು ವರ್ಷಗಳ ಹಿಂದೆಯೂ ಈ ಭಕ್ತಿ ಹೀಗೆಯೇ ಇತ್ತು ಎಂಬುದಕ್ಕೆ ಸಾಕ್ಷಿ ಇದೆ. ವಿಲೆಮ್ ಬೋಸ್ಮನ್ ಎಂಬ ಡಚ್ ವ್ಯಾಪಾರಿ ಈ ಕರಾವಳಿಯ ಬಗ್ಗೆ ಬರೆದ ಪುಸ್ತಕ 1704ರಲ್ಲಿ ಪ್ರಕಟವಾಯಿತು. ಅದರಲ್ಲೊಂದು ಘಟನೆ ಬರುತ್ತದೆ. 1697ರಲ್ಲಿ ಹಂದಿಯೊಂದು ಹಾವಿನ ಕಡಿತಕ್ಕೆ ಸಿಟ್ಟುಗೊಂಡು ಆ ದೇವರ ಹಾವನ್ನೇ ತಿಂದುಬಿಟ್ಟಿತು. ಅರ್ಚಕರು ಅರಸನ ಬಳಿ ದೂರು ಒಯ್ದರು. ನಾಡಿನ ಹಂದಿಗಳನ್ನೆಲ್ಲ ಕೊಲ್ಲಬೇಕೆಂದು ಅಪ್ಪಣೆಯಾಯಿತು! ತಿಳಿಯದೆ ಹಾವು ಕೊಂದ, ಆಗಷ್ಟೇ ಬಂದಿಳಿದಿದ್ದ ಇಂಗ್ಲಿಷರು ಊರವರ ಕೈಯಲ್ಲಿ ಪ್ರಾಣ ಕಳೆದುಕೊಂಡ ಕಥೆಯನ್ನೂ ಬೋಸ್ಮನ್ ಬರೆದಿದ್ದಾನೆ.

ಅದೇ ಕಾಲಕ್ಕೆ ಅದೇ ಊರಿನಲ್ಲಿ ಇನ್ನೊಂದು ವ್ಯಾಪಾರ ನಡೆಯುತ್ತಿತ್ತು. ಆಫ್ರಿಕದಿಂದ ಗುಲಾಮರನ್ನು ಹಡಗಿಗೆ ತುಂಬಿದ ಅತಿ ದೊಡ್ಡ ಬಂದರುಗಳಲ್ಲಿ ವಿದಾ ಒಂದು. ಇಲ್ಲಿಂದ ಸಾಗಿ ಹೋದವರ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಊರಿನಿಂದ ಕಡಲ ದಂಡೆಗೆ ಹೋಗುವ ದಾರಿಯ ಕೊನೆಯಲ್ಲಿ 'ಮರಳಿ ಬಾರದ ಬಾಗಿಲು' ಎಂಬ ಸ್ಮಾರಕ ಈಗ ನಿಂತಿದೆ. ಯುರೋಪಿನ ಹಡಗುಗಳಿಗೆ ಮನುಷ್ಯರನ್ನು ತೂಗಿ ಕೊಟ್ಟ ಈ ಬಂದರು ಹಾವಿಗೆ ಮಾತ್ರ ಬೆಲೆ ಕಟ್ಟಲಿಲ್ಲ. ಹಡಗಿನಲ್ಲಿ ಹೋದವರು ತಮ್ಮ ಸರ್ಪದೇವರನ್ನು ಮನಸ್ಸಿನಲ್ಲಿ ಹೊತ್ತು ಹೋದರು. ಹೈಟಿ ದೇಶದಲ್ಲಿ ಆ ದೇವರು ಡಂಬಾಲ ಎಂಬ ಹೆಸರಿನಲ್ಲಿ ಇಂದಿಗೂ ಪೂಜೆ ಪಡೆಯುತ್ತಿದ್ದಾನೆ.

ಹಾವಿನ ಸರದಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದೂ ವಿದಾದ ಗುಡಿಯಿಂದಲ್ಲ, ಅಕ್ಕಪಕ್ಕದ ಹೊಲಗಳಿಂದ.

ಗೆದ್ದಲು ಕಟ್ಟಿದ ಮನೆ

ವಿದಾದಿಂದ ಕಡಲ ಬದಿಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಚಿಲ್ಲರೆ ಸಾಗಿದರೆ ಟೋಗೊ ದೇಶದ ರಾಜಧಾನಿ ಲೋಮೆ. ಅಲ್ಲಿಂದ ಇನ್ನೂರು ಕಿಲೋಮೀಟರ್ ಹತ್ತಿರ ಹೋದರೆ ಘಾನಾದ ಅಕ್ರಾ. ಅರ್ಧ ದಿನದ ಹಾದಿಯಲ್ಲಿ ಮೂರು ದೇಶ. ಈ ಮೂರೂ ದೇಶಗಳ ಮೆಕ್ಕೆಜೋಳದ, ಮರಗೆಣಸಿನ ಹೊಲಗಳಲ್ಲಿ ವಾಸಿಸುವುದು ಗುಡಿಯಲ್ಲಿರುವ ಅದೇ ಹಾವು. ವಿಜ್ಞಾನಿಗಳು ಇಟ್ಟ ಹೆಸರು 'ಪೈಥಾನ್ ರೀಜಿಯಸ್', ಎಂದರೆ ರಾಜ ಹೆಬ್ಬಾವು. ಅಮೆರಿಕದವರು ಕರೆಯುವುದು 'ಬಾಲ್ ಪೈಥಾನ್'. ಹೆದರಿದಾಗ ತಲೆಯನ್ನು ಒಳಗಿಟ್ಟು ಮೈಯನ್ನು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ಕನ್ನಡದಲ್ಲಿ ಚೆಂಡು ಹೆಬ್ಬಾವು ಎನ್ನೋಣ.

ಹಗಲೆಲ್ಲ ಇಲಿಯ ಬಿಲದಲ್ಲಿ ಅಥವಾ ಹುತ್ತದಲ್ಲಿ ಅಡಗಿದ್ದು ರಾತ್ರಿ ಹೊರಬರುವುದು ಇದರ ದಿನಚರಿ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಗಾದೆ ಅಲ್ಲಿಗೂ ಸಲ್ಲುತ್ತದೆ. ಬೆಳೆಗೆ ಬೀಳುವ ಇಲಿ, ಹೆಗ್ಗಣಗಳನ್ನು ನುಂಗುವ ಈ ಪ್ರಾಣಿ ರೈತನ ಪಾಲಿಗೆ ಸಂಬಳವಿಲ್ಲದ ಕಾವಲುಗಾರ. ಬೇಸಿಗೆಯ ಕೊನೆಗೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಹೆಣ್ಣು ಹಾವು ಬಿಲದಲ್ಲಿ ಮೊಟ್ಟೆ ಇಡುತ್ತದೆ. ಐದಾರು, ಹೆಚ್ಚೆಂದರೆ ಹತ್ತರ ಆಸುಪಾಸು. ಮೊಟ್ಟೆಗಳನ್ನು ಸುತ್ತಿಕೊಂಡು ಎರಡು ತಿಂಗಳು ಅಲ್ಲಾಡದೆ, ಆಹಾರವಿಲ್ಲದೆ ಕಾವಲು ಕೂರುತ್ತದೆ.

ಹಾವು ಹುಡುಕುವವರು ಬರುವುದೂ ಅದೇ ತಿಂಗಳುಗಳಲ್ಲಿ. ಇವರು ಬೇರೆ ಯಾರೂ ಅಲ್ಲ, ಅಲ್ಲಿನದೇ ಸಣ್ಣ ರೈತರು. ಗುದ್ದಲಿ ಹಿಡಿದು ಬಿಲ ಅಗೆದು ಗಬ್ಬದ ಹಾವನ್ನು, ಸಿಕ್ಕರೆ ಮೊಟ್ಟೆಗಳನ್ನು ತೆಗೆದು, ಲೋಮೆಯ ಸುತ್ತಲಿನ ಹಾವಿನ ಫಾರಮ್ಮುಗಳಿಗೆ ಮಾರುತ್ತಾರೆ. ಅಲ್ಲಿ ಮೊಟ್ಟೆ ಒಡೆದು ಮರಿ ಬರುತ್ತದೆ. ಮರಿಗಳು ಬಟ್ಟೆಯ ಚೀಲಗಳಲ್ಲಿ, ಚೀಲಗಳು ಪೆಟ್ಟಿಗೆಗಳಲ್ಲಿ, ಪೆಟ್ಟಿಗೆಗಳು ವಿಮಾನದಲ್ಲಿ. ತಾಯಿ ಹಾವನ್ನೂ ಮರಿಗಳಲ್ಲಿ ಒಂದು ಪಾಲನ್ನೂ ಮತ್ತೆ ಕಾಡಿಗೆ ಬಿಡಬೇಕೆಂಬುದು ನಿಯಮ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವುದಕ್ಕೆ ಬದಲು ಹಾವೂ ಉಳಿಯಬೇಕು, ವ್ಯಾಪಾರವೂ ನಡೆಯಬೇಕು ಎಂಬ ಏರ್ಪಾಡು ಇದು. ಆದರೆ ಒಂದು ಕಡೆ ಅಗೆದು ತೆಗೆದ ಹಾವನ್ನು ಇನ್ನೊಂದು ಕಡೆ ಬಿಟ್ಟರೆ ಅದು ಬಾಳುತ್ತದೆಯೇ ಎಂಬ ಪ್ರಶ್ನೆಯನ್ನು ವನ್ಯಜೀವಿ ತಜ್ಞರು ಎತ್ತುತ್ತಲೇ ಇದ್ದಾರೆ.

1975ರಿಂದ ಈಚೆಗೆ ಪಶ್ಚಿಮ ಆಫ್ರಿಕದಿಂದ ಹೊರದೇಶಗಳಿಗೆ ಹೋದ ಚೆಂಡು ಹೆಬ್ಬಾವುಗಳು 30 ಲಕ್ಷಕ್ಕೂ ಹೆಚ್ಚು. ಇದು ಕಳ್ಳಸಾಗಣೆಯ ಲೆಕ್ಕವಲ್ಲ. ಅಂತರರಾಷ್ಟ್ರೀಯ ಒಪ್ಪಂದವಾದ 'ಸೈಟಿಸ್' ಅಡಿಯಲ್ಲಿ ಪರವಾನಗಿ ಪಡೆದು, ಕಾಗದಪತ್ರ ಬರೆದು ಸಾಗಿಸಿದ್ದು. ಚರ್ಮಕ್ಕಾಗಿ, ಮಾಂಸಕ್ಕಾಗಿ ಕೊಂದದ್ದು ಬೇರೆ. 2021ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಈ ಹಾವನ್ನು 'ಅಪಾಯದ ಅಂಚಿಗೆ ಹತ್ತಿರ' ಎಂಬ ಪಟ್ಟಿಗೆ ಸೇರಿಸಿತು.

ಚರ್ಮವೈದ್ಯ ಹಚ್ಚಿದ ದೀಪ

ಇಷ್ಟೊಂದು ಹಾವುಗಳು ಎಲ್ಲಿಗೆ ಹೋದವು? ಹೆಚ್ಚಿನವು ಅಮೆರಿಕಕ್ಕೆ. ಆ ದೇಶದಲ್ಲಿ ನಾಯಿ, ಬೆಕ್ಕು, ಗಿಳಿಗಳಂತೆ ಹಾವನ್ನೂ ಮನೆಯಲ್ಲಿ ಸಾಕುವವರು ಬಹಳ. ಮೊದಮೊದಲು ಹಾವು ಎಂದರೆ ಹಾವು, ಅಷ್ಟೆ. ಬಣ್ಣ ನೋಡಿ ಹಾವು ಸಾಕುವ, ಬಣ್ಣಕ್ಕಾಗಿ ಹಾವನ್ನು ಕೂಡಿಸುವ ವಿದ್ಯೆ ಬೆಳೆದದ್ದು ಆಮೇಲೆ. ಅದರ ಬೇರು ಹುಡುಕಲು ಜಾರ್ಜಿಯಾ ರಾಜ್ಯದ ವಾಲ್ಡೋಸ್ಟಾ ಎಂಬ ಊರಿಗೆ ಹೋಗಬೇಕು.

ಅಲ್ಲಿ ಬರ್ನಾರ್ಡ್ ಬೆಕ್ಟೆಲ್ ಎಂಬ ಚರ್ಮವೈದ್ಯರಿದ್ದರು. ಮನುಷ್ಯರ ಚರ್ಮ ನೋಡುವುದು ಅವರ ಕಸುಬು, ಹಾವಿನ ಚರ್ಮ ನೋಡುವುದು ಹವ್ಯಾಸ. 1953ರಲ್ಲಿ ಉತ್ತರ ಕರೊಲಿನಾದಲ್ಲಿ ಒಂದು ವಿಚಿತ್ರ 'ಕಾರ್ನ್ ಸ್ನೇಕ್' ಸಿಕ್ಕಿತು. ಇದು ಕೆಂಪು ಮಚ್ಚೆಗಳ, ಮಚ್ಚೆಗೆ ಕಪ್ಪು ಅಂಚಿನ ಅಮೆರಿಕದ ಸಾಧು ಹಾವು. ಸಿಕ್ಕಿದ ಗಂಡಿನ ಮೈಯಲ್ಲಿ ಕಪ್ಪೇ ಇರಲಿಲ್ಲ! ಕಣ್ಣು ಕೆಂಪು. ಕಪ್ಪು ಬಣ್ಣ ತಯಾರಿಸುವ ಶಕ್ತಿಯೇ ಇಲ್ಲದ 'ಅಲ್ಬಿನೊ' ಅದು. ಮಾಮೂಲಿ ಹೆಣ್ಣಿನ ಜೊತೆ ಕೂಡಿಸಿದಾಗ ಹುಟ್ಟಿದ ಮರಿಗಳೆಲ್ಲ ಮಾಮೂಲಿಯೇ. ಆ ಮರಿಗಳನ್ನು ಒಂದಕ್ಕೊಂದು ಕೂಡಿಸಿದಾಗ, 1961ರಲ್ಲಿ, ಅಜ್ಜನ ಬಣ್ಣ ಮೊಮ್ಮಕ್ಕಳಲ್ಲಿ ಮರಳಿ ಬಂತು. ಮೆಂಡೆಲ್ ಪಾದ್ರಿ ಬಟಾಣಿ ಗಿಡದಲ್ಲಿ ಕಂಡ ಲೆಕ್ಕವೇ ಹಾವಿನಲ್ಲೂ ನಡೆಯುತ್ತದೆ ಎಂದು ಬೆಕ್ಟೆಲ್ ಮತ್ತು ಅವರ ಪತ್ನಿ ಎಲಿಜಬೆತ್ ತೋರಿಸಿಕೊಟ್ಟರು.

ಲೆಕ್ಕ ಸರಳ. ಬಣ್ಣ ಕೆಡಿಸುವ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಸೇರಿದರೆ ಮಾತ್ರ ಮರಿ ಅಲ್ಬಿನೊ. ಒಂದೇ ಬಂದರೆ ಹೊರಗೆ ಕಾಣದೆ ಒಳಗೆ ಅಡಗಿರುತ್ತದೆ. ಅಡಗಿಸಿಕೊಂಡ ಗಂಡು ಹೆಣ್ಣು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಆ ಬಣ್ಣ. ಉಳಿದ ಮೂರು ನೋಡಲು ಮಾಮೂಲಿ. ಆದರೆ ಅವುಗಳಲ್ಲಿ ಎರಡರ ಒಳಗೆ ಬಣ್ಣ ಅಡಗಿರುವ ಸಾಧ್ಯತೆ. ಯಾವ ಎರಡು ಎಂದು ಕಣ್ಣಿಗೆ ಕಾಣದು. ಅಮೆರಿಕದ ವ್ಯಾಪಾರಿ ಅದನ್ನೂ ಬಿಡಲಿಲ್ಲ. 'ಶೇಕಡಾ 66 ಸಾಧ್ಯತೆ ಇದೆ' ಎಂದು ಚೀಟಿ ಅಂಟಿಸಿ ಮಾರಿದ!

ಲಕ್ಷಕ್ಕೊಂದು, ಲಕ್ಷಕ್ಕೆ ಒಂದು

ಚೆಂಡು ಹೆಬ್ಬಾವಿನ ಕಥೆಗೆ ತಿರುವು ಬಂದದ್ದು 1992ರಲ್ಲಿ. ಒಕ್ಲಹೊಮಾ ನಗರದ ಬಾಬ್ ಕ್ಲಾರ್ಕ್ ಎಂಬುವರು ಆಫ್ರಿಕದಿಂದ ಬಂದ ಹಳದಿ, ಬಿಳಿ ಬಣ್ಣದ ಅಲ್ಬಿನೊ ಹಾವಿನ ವಂಶವನ್ನು ತಮ್ಮಲ್ಲೇ ಬೆಳೆಸಿ ಮರಿ ಪಡೆದರು. ಅಲ್ಬಿನೊ ಬರ್ಮಾ ಹೆಬ್ಬಾವನ್ನು 1986ರಲ್ಲೇ ಪಡೆದು ಹೆಸರಾಗಿದ್ದವರು ಅವರು. ಮಾಮೂಲಿ ಚೆಂಡು ಹೆಬ್ಬಾವು ಕೆಲವೇ ಡಾಲರಿಗೆ ಸಿಗುತ್ತಿದ್ದ ಕಾಲದಲ್ಲಿ ಈ ಮರಿಗಳು ಸಾವಿರಾರು ಡಾಲರಿಗೆ ಹೋದವು.

ಅಲ್ಲಿಂದ ಮುಂದೆ ಲೋಮೆ, ಅಕ್ರಾಗಳ ಫಾರಮ್ಮುಗಳಲ್ಲಿ ಹಾವಿನ ರಾಶಿಯನ್ನು ನೋಡುವ ಕಣ್ಣೇ ಬದಲಾಯಿತು. ಸಾವಿರ ಸಾವಿರ ಮರಿಗಳ ನಡುವೆ ಒಂದು ಹಳದಿ, ಒಂದು ಮಚ್ಚೆ ತಪ್ಪಿದ್ದು, ಒಂದು ಅರ್ಧ ಬಿಳಿ. ಅಂಥದ್ದು ಕಂಡರೆ ಬೇರೆ ಚೀಲ, ಬೇರೆ ದರ, ಕಡಲಾಚೆಗೆ ಸುದ್ದಿ. 1997ರಲ್ಲಿ ಪೀಟರ್ ಕಾಲ್ ಎಂಬ ಅಮೆರಿಕನ್ನರು 'ಪೈಬಾಲ್ಡ್' ಎಂಬ ಬಣ್ಣ ವಂಶಪಾರಂಪರ್ಯವಾದುದು ಎಂದು ಮರಿ ಮಾಡಿಸಿ ತೋರಿಸಿದರು. ಅರ್ಧ ಮೈ ಚಿತ್ತಾರ, ಇನ್ನರ್ಧ ಸುಣ್ಣ ಬಳಿದ ಗೋಡೆಯಷ್ಟು ಬಿಳಿ. ಹೊಲದಲ್ಲಿ ಲಕ್ಷಕ್ಕೊಂದು ಎಂಬಂತಿದ್ದದ್ದು ಪೇಟೆಯಲ್ಲಿ ಲಕ್ಷಗಟ್ಟಲೆ ರೂಪಾಯಿಯ ಸರಕಾಯಿತು. ಬಿಲ ಅಗೆದ ರೈತನ ಕೈಗೆ ಬಿದ್ದದ್ದು ಮಾತ್ರ ಚಿಲ್ಲರೆ.

ಇಲ್ಲೊಂದು ಮಾತು ಗಮನಿಸಬೇಕು. ಈ ಬಣ್ಣಗಳು ಮನುಷ್ಯ ಹುಟ್ಟಿಸಿದ್ದಲ್ಲ. ನಿಸರ್ಗದಲ್ಲಿ ಆಗಾಗ ಆಗುವ ಕೈತಪ್ಪುಗಳು ಅವು. ಹೊಲದಲ್ಲಿ ಹಳದಿ ಹಾವು ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ಒಣ ಎಲೆಯ ಬಣ್ಣದ ತಮ್ಮ ಉಳಿಯುತ್ತಾನೆ, ಚಿನ್ನದ ಬಣ್ಣದ ಅಣ್ಣ ಸಾಯುತ್ತಾನೆ. ಹೊಲದಲ್ಲಿ ಯಾವ ಬಣ್ಣ ಸಾವಿನ ಚೀಟಿಯೋ, ಅದೇ ಬಣ್ಣ ಸಂತೆಯಲ್ಲಿ ಬದುಕಿನ ಚೀಟಿ. ಮನುಷ್ಯ ಮಾಡಿದ್ದು ಆರಿಸುವ ಕೆಲಸ, ಒಂದರೊಡನೆ ಇನ್ನೊಂದನ್ನು ಬೆರೆಸುವ ಕೆಲಸ.

ಬೆರೆಸುತ್ತ ಹೋದಂತೆ ಹೆಸರುಗಳೂ ಬೆಳೆದವು. 'ಪಾಸ್ಟೆಲ್', 'ಮೊಜಾವೆ', 'ಕ್ಲೌನ್', 'ಪಿನ್‌ಸ್ಟ್ರೈಪ್', 'ಬನಾನಾ'. ಇಂಥ ಒಂದೊಂದು ಬಗೆಗೂ 'ಮಾರ್ಫ್' ಎಂದು ಹೆಸರು. ಎರಡು ಮೊಜಾವೆ ಕೂಡಿದರೆ ನೀಲಿ ಕಣ್ಣಿನ ಬಿಳಿ ಹಾವು ಹುಟ್ಟಬಹುದು. ಪಾಸ್ಟೆಲ್‌ಗೆ 'ಸ್ಪೈಡರ್' ಸೇರಿದರೆ 'ಬಂಬಲ್ ಬೀ', ಎಂದರೆ ದುಂಬಿ. ಮೂರು, ನಾಲ್ಕು, ಐದು ಗುಣಗಳನ್ನು ಒಂದೇ ಹಾವಿನಲ್ಲಿ ಹೆಣೆದವರಿದ್ದಾರೆ. ಇಂದು ಲೆಕ್ಕಕ್ಕೆ ಸಿಕ್ಕಿರುವ ಬೆರಕೆಗಳು ಸಾವಿರಾರು. 2013ರಲ್ಲಿ ಹುರುಪೆಗಳೇ ಇಲ್ಲದ ಚೆಂಡು ಹೆಬ್ಬಾವು ಕೂಡ ಮಿಷಿಗನ್ ರಾಜ್ಯದಲ್ಲಿ ಮೊಟ್ಟೆಯೊಡೆದು ಬಂತು.

ಈ ಹುಚ್ಚಿನಿಂದ ವಿಜ್ಞಾನಕ್ಕೆ ಲಾಭವಾಗಲಿಲ್ಲ ಎನ್ನುವಂತಿಲ್ಲ. ಬನಾನಾ ಗಂಡುಗಳಲ್ಲಿ ಕೆಲವಕ್ಕೆ ಹುಟ್ಟುವ ಹಳದಿ ಮರಿಗಳೆಲ್ಲ ಬಹುಪಾಲು ಗಂಡು, ಇನ್ನು ಕೆಲವಕ್ಕೆ ಬಹುಪಾಲು ಹೆಣ್ಣು ಎಂಬುದನ್ನು ಸಾಕುವವರು ಗಮನಿಸಿದ್ದರು. ಹಾವುಗಳಲ್ಲೆಲ್ಲ ಹಕ್ಕಿಗಳಂತೆ ತಾಯಿಯಿಂದಲೇ ಮರಿಯ ಲಿಂಗ ನಿರ್ಧಾರವಾಗುತ್ತದೆ ಎಂದು ಪಠ್ಯಪುಸ್ತಕಗಳು ಐವತ್ತು ವರ್ಷ ಹೇಳಿಕೊಂಡು ಬಂದಿದ್ದವು. 2017ರ ಸಂಶೋಧನೆಯೊಂದು ಹೆಬ್ಬಾವಿನಲ್ಲಿ ಹಾಗಲ್ಲ, ಮನುಷ್ಯರಂತೆ ತಂದೆಯಿಂದ ಎಂದು ತೋರಿಸಿತು. ಸಾಕುವವರ ಕಣ್ಣಂದಾಜು ಸರಿಯಾಗಿತ್ತು! ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು, ಹಾವು ಸಾಕುವವರು ಅಂಚೆಯಲ್ಲಿ ಕಳಿಸಿದ ಪೊರೆಗಳಿಂದಲೇ ಬಣ್ಣದ ವಂಶವಾಹಿಗಳನ್ನು ಗುರುತಿಸಿದ್ದಾರೆ. ಹಾವಿಗೆ ನೋವಿಲ್ಲ, ಸೂಜಿಯಿಲ್ಲ.

ಟಿನ್ಲಿ ಪಾರ್ಕಿನ ಸಂತೆ

ಷಿಕಾಗೊ ನಗರದ ನೈಋತ್ಯಕ್ಕೆ ಟಿನ್ಲಿ ಪಾರ್ಕ್ ಎಂಬ ಉಪನಗರವಿದೆ. ಅಲ್ಲಿನ ಸಭಾಭವನದಲ್ಲಿ ನಡೆಯುವ ಸರೀಸೃಪ ಮೇಳ ಹಾವು ಸಾಕುವವರ ಪಾಲಿಗೆ ಜಾತ್ರೆ. ಸಾಲು ಸಾಲು ಮೇಜುಗಳು. ಮೇಜಿನ ಮೇಲೆ ಮೊಸರಿನ ಡಬ್ಬಿಯಂಥ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳು. ಒಂದೊಂದರಲ್ಲಿ ಒಂದೊಂದು ಮರಿ, ಚೆಂಡಿನಂತೆ ಸುತ್ತಿಕೊಂಡು. ಮುಚ್ಚಳದ ಮೇಲೆ ಬಣ್ಣದ ಹೆಸರು, ಬೆಲೆ, ಜೊತೆಗೆ ಒಂದು ಸಂಕೇತ. '1.0' ಎಂದಿದ್ದರೆ ಗಂಡು, '0.1' ಎಂದಿದ್ದರೆ ಹೆಣ್ಣು. ಅಪ್ಪ ಅಮ್ಮನ ಕೈ ಹಿಡಿದು ಬಂದ ಮಕ್ಕಳು, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡವರು, ಪುಸ್ತಕ ಹಿಡಿದು ವಂಶಾವಳಿ ಬರೆದುಕೊಳ್ಳುವವರು. ಕೊರಳಿಗೆ ಹಾವು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವವರು ಇಲ್ಲೂ ಉಂಟು.

ಸಾಕುವವರ ಮನೆಯಲ್ಲಿ ನೋಟ ಬೇರೆ. ಔಷಧದಂಗಡಿಯ ಕಪಾಟಿನಂತೆ ನೆಲದಿಂದ ಮೇಲಿನವರೆಗೆ ಪ್ಲಾಸ್ಟಿಕ್ ಖಾನೆಗಳು. ಒಂದು ಖಾನೆಗೆ ಒಂದು ಹಾವು. ಹಿಂಬದಿಯಲ್ಲಿ ಬಿಸಿ ಕೊಡುವ ಪಟ್ಟಿ, ಒಂದು ಬಟ್ಟಲು ನೀರು, ವಾರಕ್ಕೊಮ್ಮೆ ಇಲಿ. ಮೊಟ್ಟೆಗಳನ್ನು ತಾಯಿಯ ಸುತ್ತಿನಿಂದ ಬಿಡಿಸಿ 31-32 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿಡುತ್ತಾರೆ. ಐವತ್ತೈದು, ಅರುವತ್ತು ದಿನಕ್ಕೆ ಮರಿ. ಅಲ್ಲಿಯವರೆಗೆ ತಾಳ್ಮೆಯಿಲ್ಲದವರು ಮೊಟ್ಟೆಯ ಸಿಪ್ಪೆ ತುಸು ಕತ್ತರಿಸಿ ಒಳಗಿನ ಬಣ್ಣ ಇಣುಕಿ ನೋಡುವುದೂ ಉಂಟು. ಲಾಟರಿ ಟಿಕೇಟು ಉಜ್ಜಿ ನೋಡುವ ಆತುರವೇ ಅದು.

ಹೀಗೆ ಖಾನೆಯಲ್ಲಿಡುವುದು ಸರಿಯೇ? ಇಕ್ಕಟ್ಟಾದ ಬಿಲದಲ್ಲಿ ಬಾಳುವ ಪ್ರಾಣಿಗೆ ಇಕ್ಕಟ್ಟೇ ನೆಮ್ಮದಿ ಎನ್ನುತ್ತಾರೆ ಸಾಕುವವರು. ಬಿಲಕ್ಕೆ ಬಾಗಿಲಿದೆ, ರಾತ್ರಿಯಾದರೆ ಹೊರಬರುವ ಸ್ವಾತಂತ್ರ್ಯವಿದೆ, ಖಾನೆಯಲ್ಲಿ ಮೈ ಚಾಚಲೂ ಆಗದು ಎನ್ನುತ್ತಾರೆ ವಿರೋಧಿಸುವವರು. ವಾದ ಮುಗಿದಿಲ್ಲ.

ದುಡ್ಡಿನ ವಾದ ಮಾತ್ರ ತಾನಾಗಿ ಮುಗಿಯಿತು. ಹಾವು ಕೊಂಡವನೂ ಮರಿ ಮಾಡಿಸಿ ಮಾರುವವನೇ. ಮೂರ್ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಕೊಂಡವರೆಲ್ಲರ ಬಳಿ ಅದೇ ಬಣ್ಣ. ಸಾವಿರಾರು ಡಾಲರಿನ ಅಲ್ಬಿನೊ ಇಂದು ನೂರರ ಲೆಕ್ಕಕ್ಕೆ ಇಳಿದಿದೆ. ಮಲೆನಾಡಿನಲ್ಲಿ 2003ರ ಸುಮಾರಿಗೆ ವೆನಿಲ್ಲಾ ಬಳ್ಳಿಯ ತುಂಡಿಗೆ ಚಿನ್ನದ ಬೆಲೆ ಬಂದು, ಆಮೇಲೆ ಕೇಳುವವರಿಲ್ಲದಂತಾದದ್ದನ್ನು ಕಂಡವರಿಗೆ ಈ ಕಥೆ ಹೊಸದಲ್ಲ. ವ್ಯತ್ಯಾಸ ಇಷ್ಟೆ. ಬಳ್ಳಿಯನ್ನು ಕಿತ್ತು ಹಾಕಬಹುದು. ಹಾವು ಬದುಕಿರುತ್ತದೆ.

ತಲೆ ತಿರುಗುವ ಚೆಲುವು

ಬೆಲೆ ಬಿದ್ದದ್ದು ಮನುಷ್ಯನ ನಷ್ಟ. ಹಾವಿನ ನಷ್ಟದ ಕಥೆ ಬೇರೆ. 1999ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಕೆವಿನ್ ಮೆಕರ್ಲಿ ಅವರ ಕೇಂದ್ರದಲ್ಲಿ ಜೇಡರ ಬಲೆಯಂಥ ತೆಳ್ಳನೆಯ ಕಪ್ಪು ಗೆರೆಗಳ ಹಾವಿನಿಂದ ಅದೇ ಚಿತ್ತಾರದ ಮರಿಗಳು ಹುಟ್ಟಿದವು. ಅದೇ 'ಸ್ಪೈಡರ್'. ಒಂದು ಕಡೆಯಿಂದ ಗುಣ ಬಂದರೂ ಸಾಕು, ಮರಿಯ ಮೈಮೇಲೆ ಚಿತ್ತಾರ ಮೂಡುತ್ತದೆ. ನೋಡಿದವರು ಬೆರಗಾದರು. ಯಾವುದರೊಡನೆ ಬೆರೆಸಿದರೂ ಸೊಗಸು. ಕೆಲವೇ ವರ್ಷಗಳಲ್ಲಿ ಜಗತ್ತಿನ ಮೂಲೆ ಮೂಲೆಗೆ ಹರಡಿತು.

ಆದರೆ ಈ ಹಾವುಗಳ ತಲೆ ನಿಲ್ಲುತ್ತಿರಲಿಲ್ಲ. ಕೆಲವು ತಲೆಯನ್ನು ತುಸು ಓರೆ ಮಾಡಿ ನಡುಗಿಸುತ್ತವೆ. ಕೆಲವು ಆಹಾರ ಕಂಡು ಉದ್ವೇಗಗೊಂಡಾಗ ಕತ್ತನ್ನು ಬಿರಡೆ ತಿರುಪಿನಂತೆ ತಿರುಗಿಸುತ್ತವೆ. ಇಲಿಯ ಮೇಲೆ ಎರಗಿದರೆ ಗುರಿ ತಪ್ಪುತ್ತದೆ. ಹೊಟ್ಟೆ ಮೇಲಾಗಿ ಬಿದ್ದರೆ ಸರಿಯಾಗಲು ಹೆಣಗಬೇಕು. ಒಂದೊಂದರಲ್ಲಿ ಒಂದೊಂದು ಪ್ರಮಾಣ. ತಿನ್ನುತ್ತದೆ, ಬೆಳೆಯುತ್ತದೆ, ಮರಿ ಹಾಕುತ್ತದೆ, ಇನ್ನೇನು ತೊಂದರೆ ಎಂದರು ಮಾರುವವರು. ಒಳ್ಳೆಯ ವಂಶದಿಂದ ಆರಿಸಿದರೆ ಕಾಲಕ್ರಮೇಣ ಹೋಗುತ್ತದೆ ಎಂದವರೂ ಇದ್ದರು.

ಹೋಗಲಿಲ್ಲ. 2022ರಲ್ಲಿ ಜರ್ಮನಿಯ ಸಂಶೋಧಕರು ಸ್ಪೈಡರ್ ಹಾವುಗಳ ತಲೆಯನ್ನು ಸೂಕ್ಷ್ಮ ಎಕ್ಸ್-ರೇ ಯಂತ್ರದಲ್ಲಿ ಇಟ್ಟು ನೋಡಿದರು. ಸಮತೋಲ ಕಾಯುವ ಒಳಗಿವಿಯ ಅರ್ಧವೃತ್ತದ ನಾಳಗಳೂ ಅದರ ಕೆಳಗಿನ ಚೀಲವೂ ಸರಿಯಾಗಿ ರೂಪುಗೊಂಡಿರಲಿಲ್ಲ. ಮೈಮೇಲೆ ಜೇಡರ ಬಲೆ ಬರೆದ ವಂಶವಾಹಿಯೇ ಕಿವಿಯೊಳಗಿನ ತಕ್ಕಡಿಯನ್ನೂ ಕೆಡಿಸಿದೆ. ಚಿತ್ತಾರ ಬೇಕೆಂದರೆ ಅದರ ಜೊತೆ ಈ ತೊಂದರೆಯನ್ನೂ ಹಾವು ಹೊರಲೇಬೇಕು. ಎರಡನ್ನೂ ಬಿಡಿಸುವಂತಿಲ್ಲ.

ಹೊಟ್ಟೆಯನ್ನೇ ಕಾಲಾಗಿಸಿಕೊಂಡ ಪ್ರಾಣಿಗೆ ಮೇಲು ಕೆಳಗು ತಿಳಿಯದಿದ್ದರೆ ಲೋಕ ಹೇಗೆ ಕಂಡೀತು? ಹಾವು ಹೇಳದು. ಅದಕ್ಕೆ ಕೂಗಿಲ್ಲ, ನರಳಾಟವಿಲ್ಲ, ಮುಖದಲ್ಲಿ ಭಾವವಿಲ್ಲ. ಮೂಗು ಚಪ್ಪಟೆಯಾಗಿ ಉಸಿರಾಡಲು ಒದ್ದಾಡುವ ಪಗ್ ನಾಯಿಯ ಕಷ್ಟವಾದರೂ ಗೊರಕೆಯಲ್ಲಿ ಕೇಳಿಸುತ್ತದೆ. ಬ್ರಿಟನ್ನಿನಲ್ಲಿ ಹಾವು ಸಾಕುವವರದೇ ಒಂದು ಸಂಘ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರುವುದನ್ನು ನಿಲ್ಲಿಸಿತು. ಅನೇಕರು ತಾವಾಗಿ ಈ ತಳಿ ಕೈಬಿಟ್ಟರು. ಉಳಿದವರು ಮುಂದುವರಿಸಿದರು.

ಬೆಂಗಳೂರಿಗೂ ಬಂತು

ಈ ಸಂತೆ ದೂರದ್ದು ಎಂದುಕೊಳ್ಳುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನನ್ನು ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿದಾಗ 78 ಪ್ರಾಣಿಗಳು ಸಿಕ್ಕವು. 55 ಬಗೆಬಗೆಯ ಬಣ್ಣದ ಚೆಂಡು ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು, 6 ಕಪುಚಿನ್ ಮಂಗಗಳು. ಹಾವುಗಳು ಜೀವಂತವಾಗಿದ್ದವು. ಮಂಗಗಳು ಸತ್ತಿದ್ದವು. ಟೋಗೊದ ಹುತ್ತದ ಹಾವಿನ ಸಂತತಿ ಆಗುಂಬೆಯ ಕಾಳಿಂಗನ ಬಂಧುಗಳ ಜೊತೆ ಒಂದೇ ಸಾಮಾನಿನಲ್ಲಿ ಕರ್ನಾಟಕಕ್ಕೆ ಬಂದಿಳಿದ ಬಗೆ ಇದು.

ಭಾರತದ ಹೆಬ್ಬಾವು, ನಾಗರಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹೊರದೇಶದ ಹಾವುಗಳ ವಿಷಯದಲ್ಲಿ ಕಾಯ್ದೆ ಬಹುಕಾಲ ಮೌನವಾಗಿತ್ತು. 2022ರ ತಿದ್ದುಪಡಿಯ ಬಳಿಕ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. 2024ರಲ್ಲಿ ಅದಕ್ಕೆ ನಿಯಮಗಳೂ ಬಂದವು. ಪೇಟೆಗೆ ಬೇಡಿಕೆ ಇರುವವರೆಗೆ ಪೆಟ್ಟಿಗೆ ಬರುತ್ತಲೇ ಇರುತ್ತದೆ.

ಕೊಳ್ಳುವ ಹುಡುಗರು ಒಂದು ಲೆಕ್ಕ ಮರೆಯುತ್ತಾರೆ. ಬಣ್ಣದ ಫ್ಯಾಶನ್ ಬಾಳುವುದು ಮೂರು, ನಾಲ್ಕು ವರ್ಷ. ಚೆಂಡು ಹೆಬ್ಬಾವು ಬಾಳುವುದು ಇಪ್ಪತ್ತು, ಮುವ್ವತ್ತು ವರ್ಷ. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು 2020ರ ಜುಲೈಯಲ್ಲಿ ಏಳು ಮೊಟ್ಟೆ ಇಟ್ಟಿತು. ಆಗ ಅದರ ವಯಸ್ಸು ಅರುವತ್ತೆರಡಕ್ಕೂ ಹೆಚ್ಚು. ಹದಿನೈದು ವರ್ಷಗಳಿಂದ ಗಂಡಿನ ಮುಖವನ್ನೇ ನೋಡಿರಲಿಲ್ಲ! ಮಾಮೂಲಿ ಕಪ್ಪು, ಕಂದು ಬಣ್ಣದ ಹಾವು ಅದು.

ಸಂತೆಯ ಭಾಷೆಯಲ್ಲಿ ಈ ಬಣ್ಣಕ್ಕೆ 'ನಾರ್ಮಲ್' ಎಂದು ಹೆಸರು. ಟಿನ್ಲಿ ಪಾರ್ಕಿನ ಮೇಜಿನಲ್ಲಿ ಎಲ್ಲಕ್ಕಿಂತ ಅಗ್ಗದ ಡಬ್ಬಿ ಅದರದೇ. ಕೆಲವು ಮೇಜುಗಳಲ್ಲಿ ಅದಕ್ಕೆ ಜಾಗವೂ ಇಲ್ಲ. ಬಿಲದ ಕತ್ತಲು, ಒಣ ಎಲೆ, ಹದ್ದಿನ ಕಣ್ಣು ಎಲ್ಲ ಸೇರಿ ಲಕ್ಷಾಂತರ ವರ್ಷಗಳಲ್ಲಿ ತಿದ್ದಿ ತೀಡಿದ ಬಣ್ಣ ಅದು. ಅದನ್ನು ಹೊತ್ತ ಹಾವು ವಿದಾದ ಬೀದಿಯಲ್ಲಿ ರಾತ್ರಿ ಅಲೆಯುತ್ತ ಯಾರದೋ ಅಡುಗೆಮನೆ ಹೊಕ್ಕರೆ, ಮನೆಯವರು ಅದರ ಮೈಮೇಲಿನ ಮಚ್ಚೆ ಎಣಿಸುವುದಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು ಗುಡಿಯ ಕಡೆ ನಡೆಯುತ್ತಾರೆ.